ಲೈಫ್ ಜಾಕೆಟ್ ತೊಡುವ ಒಂಬತ್ತು ಹಂತಗಳಲ್ಲಿ ನಡುವಿನವು ಕಾಣೆಯಾಗುತ್ತಿರುವ ಬಗ್ಗೆ

ಇಲಾಖೆಯ ಕಿಬಾಂಜಾ ದಡದ ಉಪಕಚೇರಿ
(ಟಿಕೆಟ್ ಕಿಟಕಿಯ ಹಿಂಭಾಗ, ಮೀನು ತೂಗುವ ಕಟ್ಟೆಯ ಎದುರು)

ಸಂಖ್ಯೆ: ಲಾಂಚ್/ಜಾಕೆಟ್/ನೆನಪು/1, 2, … 8, 9
ದಿನಾಂಕ: ಶನಿವಾರ, ಬೆಳಗಿನ ಎರಡನೇ ಲಾಂಚ್ ಹೊರಟ ಮೇಲೆ

ಸುತ್ತೋಲೆ

ವಿಷಯ: ಲಾಂಚ್ ಪ್ರಯಾಣಿಕರು ತಾವು ಕಣ್ಣಾರೆ ಕಂಡ ಒಂಬತ್ತು ಕ್ರಿಯೆಗಳ ಪೈಕಿ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ನೆನಪಿಟ್ಟುಕೊಂಡು, ನಡುವಿನ ಏಳನ್ನು ಸರೋವರಕ್ಕೆ ಬಿಡುತ್ತಿರುವುದು, ಅದರ ತಡೆಗೆ ಕೈಗೊಂಡ ಕ್ರಮಗಳು, ಆ ಕ್ರಮಗಳ ತಡೆಗೆ ಕೈಗೊಂಡ ಕ್ರಮಗಳು.

ಉಲ್ಲೇಖ:
1) ಜಾಕೆಟ್ ಪ್ರಾತ್ಯಕ್ಷಿಕೆಯ ಪರೀಕ್ಷೆಗೆ ಶುಕ್ರವಾರ ಪರಿವೀಕ್ಷಕರು ಬರುವ ಬಗ್ಗೆ ಪ್ರಧಾನ ಕಚೇರಿಯ ಪತ್ರ.
2) ಪ್ರಧಾನ ಕಚೇರಿಯದೇ ಇನ್ನೊಂದು ಆದೇಶ. (ನಡುವಿನದಾದ್ದರಿಂದ ನೆನಪಿಗೆ ಬರುತ್ತಿಲ್ಲ. ಅಂಶ 14 ನೋಡುವುದು.)
3) ಕಚೇರಿಯ ಚಹಾ ಸಮಯವನ್ನು ಹತ್ತೂವರೆಯಿಂದ ಹತ್ತೂಮುಕ್ಕಾಲಿಗೆ ಬದಲಾಯಿಸಿದ ಟಿಪ್ಪಣಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಲಾಂಚ್ ಸಿಬ್ಬಂದಿ, ಪ್ರಯಾಣಿಕರು, ದಡದಲ್ಲಿ ಸುಮ್ಮನೆ ನಿಂತು ನೋಡುವವರು ಹಾಗೂ ಅವರನ್ನು ನೋಡುತ್ತ ನಿಲ್ಲುವವರೆಲ್ಲರ ಗಮನಕ್ಕೆ ಈ ಕೆಳಗಿನ ಅಂಶಗಳನ್ನು ತರಲಾಗಿದೆ. ಮೊದಲಿಂದ ಕೊನೆಯವರೆಗೆ ಓದತಕ್ಕದ್ದು. ನಡುವೆ ಬಿಡತಕ್ಕದ್ದಲ್ಲ. ಬಿಡುತ್ತೀರೆಂದು ಇಲಾಖೆಗೆ ಗೊತ್ತಿದೆ.

1. ಕಿಬಾಂಜಾ ದಡದಿಂದ ಬುಸೊಂಗಾ ದ್ವೀಪಕ್ಕೆ ದಿನಕ್ಕೆ ನಾಲ್ಕು ಬಾರಿ ಹೋಗಿಬರುವ ಲಾಂಚ್‌ನಲ್ಲಿ ಶ್ರೀಮತಿ ಸ್ಕೋವಿಯಾ ನಸ್ಸಾಲಿಯವರು ಹನ್ನೊಂದು ವರ್ಷಗಳಿಂದ ಜಾಕೆಟ್ ತೋರಿಸುವ ಸಹಾಯಕಿಯಾಗಿ ಕೆಲಸ ಮಾಡುತ್ತಿರುವುದು ಸರಿಯಷ್ಟೆ. ಲಾಂಚ್ ಹಗ್ಗ ಬಿಚ್ಚಿದ ಕೂಡಲೇ ಸದರಿಯವರು ಸೋಡಾ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ ಅದರ ಮೇಲೆ ನಿಲ್ಲುವರು. ನಿಂತು, ಕಿತ್ತಳೆ ಬಣ್ಣದ ಜಾಕೆಟ್ಟನ್ನು ತಲೆಯ ಮೇಲೆ ಎತ್ತುವುದು (1), ಸರಿಮುಖಕ್ಕೆ ತಿರುಗಿಸುವುದು (2), ತಲೆ ತೂರಿಸುವುದು (3), ಪಟ್ಟಿಯನ್ನು ಬೆನ್ನ ಹಿಂದಿನಿಂದ ಸುತ್ತಿ ಮುಂದಕ್ಕೆ ತರುವುದು (4), ಬಕಲ್ ಹಾಕುವುದು (5), ಪಟ್ಟಿಯ ತುದಿ ಎಳೆದು ಬಿಗಿ ಮಾಡುವುದು (6), ಕತ್ತಿನ ಬಳಿಯ ದಾರಕ್ಕೆ ಗಂಟು ಹಾಕುವುದು (7), ಎರಡೂ ಕೈ ಎದೆಗೆ ಅಡ್ಡ ಕಟ್ಟುವುದು (8), ಪೀಪಿ ಊದುವುದು (9) ಎಂಬ ಒಂಬತ್ತು ಹಂತಗಳನ್ನು ತೋರಿಸುವರು. ಈ ಹನ್ನೊಂದು ವರ್ಷದಲ್ಲಿ ಆಕೆಯ ಕೈ ಒಮ್ಮೆಯೂ ಹಂತ ತಪ್ಪಿದ್ದಿಲ್ಲ. ಮನೆಯಲ್ಲಿ ಸ್ವೆಟರ್ ತೊಟ್ಟರೂ ಕೊನೆಗೆ ಪೀಪಿಗಾಗಿ ತಡಕಾಡುವರೆಂದು ತಿಳಿದುಬಂದಿದೆ.

2. ಸೋಮವಾರ ಬೆಳಿಗ್ಗೆ ಮೇಲಿನ ಮೂರೂ ಪತ್ರಗಳು ಒಂದೇ ಲಕೋಟೆಯಲ್ಲಿ ಬಂದವು. ಮುಖ್ಯ ಅಧೀಕ್ಷಕರಾದ ಶ್ರೀ ಕಿಯಿಂಬ ಅವರು ಮೂರನ್ನೂ ಸಿಬ್ಬಂದಿಯ ಮುಂದೆ ಗಟ್ಟಿಯಾಗಿ ಓದಿದರು. ಎರಡನೆಯದನ್ನು ಓದುವಾಗ ಶ್ರೀಮತಿ ನಸ್ಸಾಲಿಯವರ ಕೈಯಲ್ಲಿದ್ದ ಚಹಾ ತುಳುಕಿತು. ಅದರಲ್ಲಿ ಏನಿತ್ತೆಂಬುದು ಇಲಾಖೆಗೆ ಈಗ ನೆನಪಿಲ್ಲ. ಆದರೆ ಇಂಜಿನ್ ಚಾಲಕ ಶ್ರೀ ಲುಬೇಗಾ ಅವರು ಆಮೇಲೆ ಎಣ್ಣೆ ಕೈ ಒರೆಸಿಕೊಳ್ಳುತ್ತ ಆಡಿದ ಮಾತು ದಾಖಲಾಗಿದ್ದು, ಅದು ಹೀಗಿದೆ:

"ನಸ್ಸಾಲಿ, ನಿನ್ನ ಪೆಟ್ಟಿಗೆ ಮೇಲೆ ನಿನ್ನ ಬದ್ಲು ಚಿತ್ರದ ಬೋರ್ಡ್ ತಂದು ನಿಲ್ಲಿಸ್ತಾರಂತಲ್ಲೇ. ಶುಕ್ರವಾರ ಮೂರು ಜನಾನ ಎಬ್ಬಿಸಿ ಮಾಡ್ಸಿ ನೋಡ್ತಾರಂತೆ. ಅವರಲ್ಲಿ ಒಬ್ಬ ಒಂಬತ್ತಕ್ಕೆ ಒಂದು ಕಮ್ಮಿ ಮಾಡಿದ್ರೂ ನಿನ್ನ ಕೆಲ್ಸ ಹೋಯ್ತು, ಒಂದು ಜಾಸ್ತಿ ಮಾಡಿದ್ರೂ ಹೋಯ್ತು."

"ಜಾಸ್ತಿ ಯಾರು ಮಾಡ್ತಾರೋ ಮಾರಾಯಾ? ಇರೋದನ್ನೇ ಮಾಡಲ್ಲ!"

"ನಮ್ಮ ಜನಾನ ನಂಬಬೇಡ. ಬಡಿಸೋಕೆ ನಿಂತ್ರೆ ಯಾವತ್ತಾದ್ರೂ ಲೆಕ್ಕಕ್ಕೆ ಸರಿಯಾಗಿ ಬಡ್ಸಿದಾರಾ?"

ಸದರಿ ಮಾತನ್ನು ಇಲಾಖೆಯು ದೃಢೀಕರಿಸುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಕೇಳಿಸಿಕೊಂಡಿದೆ.

3. ಅದೇ ದಿನ ಮಧ್ಯಾಹ್ನದ ಲಾಂಚ್‌ನಲ್ಲಿ ಪೂರ್ವಭಾವಿ ಪರೀಕ್ಷೆ ನಡೆಸಲಾಯಿತು. ಒಣಮೀನು ಮಾರುವ, ಎಲ್ಲರೂ ಜಜ್ಜಾ ಎಂದೇ ಕರೆಯುವ ಅಜ್ಜಿ ತೆರೇಜಾ ಅವರನ್ನು ಎಬ್ಬಿಸಿ, ಈಗಷ್ಟೇ ಕಂಡದ್ದನ್ನು ಮಾಡಿ ತೋರಿಸುವಂತೆ ಕೋರಲಾಯಿತು. ಜಜ್ಜಾ ಅವರು ಜಾಕೆಟ್ಟನ್ನು ತಲೆಯ ಮೇಲೆ ಎತ್ತಿದರು. ನಂತರ ಪೀಪಿ ಊದಿದರು. ನಂತರ ಕುಳಿತುಕೊಂಡರು.

"ಮಧ್ಯದ್ದು, ಜಜ್ಜಾ?" ಎಂದು ಶ್ರೀಮತಿ ನಸ್ಸಾಲಿ ಕೇಳಲಾಗಿ, "ಮಧ್ಯ ನೀನೇನೋ ಸೊಂಟದ ಹತ್ರ ಪರದಾಡ್ತಿದ್ದೆ ಕಣಮ್ಮ. ತುರಿಕೆ ಇರಬೇಕು ಅಂತ ನಾನು ಆ ಕಡೆ ತಿರುಗ್ದೆ," ಎಂಬ ಉತ್ತರ ಬಂದಿತು.

ಮೋಟಾರ್ ಸೈಕಲ್ ಬಾಡಿಗೆ ಓಡಿಸುವ ಶ್ರೀ ಸೆಕಾಲೆಮ ಅವರು ಎತ್ತುವುದನ್ನೂ ಊದುವುದನ್ನೂ ಸರಿಯಾಗಿ ಮಾಡಿ, ನಡುವೆ ಜಾಕೆಟ್ಟಿನ ತೋಳಿನ ಕಿಂಡಿಗಳಿಗೆ ತಮ್ಮ ಎರಡು ಕಾಲುಗಳನ್ನು ಹಾಕಿದರು. ಉಳಿದ ನಾಲ್ವರ ಫಲಿತಾಂಶ ಇದಕ್ಕಿಂತ ಬೇರೆಯಲ್ಲ. ಆದ್ದರಿಂದ ಕಣ್ಣಿಂದ ಕಂಡ ಕ್ರಿಯೆಗಳ ಸಾಲಿನಲ್ಲಿ ತಲೆ ಮತ್ತು ಬಾಲ ಉಳಿಯುವುದೆಂದೂ, ಹೊಟ್ಟೆ ಹೋಗುವುದೆಂದೂ ಇಲಾಖೆಯು ತತ್ವವೊಂದನ್ನು ಕಂಡುಕೊಂಡಿತು. ಈ ತತ್ವದ ಬಗ್ಗೆ ಇಲಾಖೆಗೆ ಬಹಳ ಹೆಮ್ಮೆಯಿದೆ. ಅದರ ಪ್ರಕಾರ, ಇನ್ನು ಮುಂದೆ ಯಾವುದೇ ಹಂತವು ನಡುವೆ ಬರತಕ್ಕದ್ದಲ್ಲವೆಂದು ಸೋಮವಾರ ಸಂಜೆ ಆದೇಶಿಸಲಾಯಿತು.

4. ಸದರಿ ಆದೇಶದ ಅನುಷ್ಠಾನಕ್ಕಾಗಿ ಮಂಗಳವಾರ ಹಂತಗಳನ್ನು ಕೊನೆಯಿಂದ ಮೊದಲಿಗೆ ತೋರಿಸುವಂತೆ ಶ್ರೀಮತಿ ನಸ್ಸಾಲಿಯವರಿಗೆ ಸೂಚಿಸಲಾಯಿತು. ಆಕೆ ಪೀಪಿ ಊದಿ, ಕೈ ಕಟ್ಟಿ, ಗಂಟು ಬಿಚ್ಚಿ, ಬಕಲ್ ತೆಗೆದು, ತಲೆ ಹೊರತೆಗೆದು, ಜಾಕೆಟ್ ಎತ್ತಿ ಹಿಡಿದರು. ಪ್ರಯಾಣಿಕರು ಪೀಪಿಯನ್ನೂ ಎತ್ತುವುದನ್ನೂ ನೆನಪಿಟ್ಟುಕೊಂಡರು. ಸಾಲನ್ನು ಹಿಂದುಮುಂದು ಮಾಡಿದರೂ ನಡು ಮಾತ್ರ ನಡುವಿನಲ್ಲೇ ಇರುವುದನ್ನು ಇಲಾಖೆಯು ಅಂದು ಮೊದಲ ಬಾರಿಗೆ, ವಿಷಾದದಿಂದ ಗಮನಿಸಿತು. ಅಲ್ಲದೆ, ಜಾಕೆಟ್ ಕಳಚುವುದನ್ನು ಕಂಡ ಪ್ರಯಾಣಿಕರು ದ್ವೀಪ ಬಂತೆಂದು ತಿಳಿದು ಗಂಟುಮೂಟೆ ಸಮೇತ ಎದ್ದು ನಿಂತರು. ಲಾಂಚ್ ಇನ್ನೂ ಕಿಬಾಂಜಾ ದಡದಿಂದ ಇಪ್ಪತ್ತು ಮಾರು ಹೋಗಿತ್ತಷ್ಟೆ.

5. ಬುಧವಾರ ಬೆಳಿಗ್ಗೆ ನಡುವಿನ 4, 5, 6, 7ನೇ ಹಂತಗಳನ್ನು ಮೊದಲಿಗೆ ತರಲಾಯಿತು. ಪ್ರಯಾಣಿಕರು ಬಕಲ್ಲನ್ನೂ ಬಿಗಿಯುವುದನ್ನೂ ಅಚ್ಚುಕಟ್ಟಾಗಿ ಕಲಿತರು. ಆದರೆ ತಲೆ ತೂರಿಸುವ ಹಂತವು ಈಗ ನಡುವಿಗೆ ಬಂದು ಕಳೆದುಹೋದ ಕಾರಣ, ಎಲ್ಲರೂ ಜಾಕೆಟ್ಟುಗಳನ್ನು ಖಾಲಿಯಾಗಿಯೇ ಬಿಗಿದು, ಗಂಟು ಹಾಕಿ, ತೊಡೆಯ ಮೇಲಿಟ್ಟುಕೊಂಡು ಕುಳಿತರು. ಜಾಕೆಟ್ಟುಗಳೆಲ್ಲ ಸುರಕ್ಷಿತವಾಗಿದ್ದವು. ಈ ವಿಧಾನವನ್ನು ಹಿಂಪಡೆಯಲಾಗಿದೆ.

6. ಬುಧವಾರ ಮಧ್ಯಾಹ್ನ ಮುಖ್ಯ ಅಧೀಕ್ಷಕರಿಗೆ ಹೊಸ ಯೋಚನೆ ಬಂದಿತು. ಪ್ರತಿಯೊಂದು ಹಂತದ ಮೊದಲಿಗೆ ಹೊಸದಾಗಿ ಕುಶಲ ಕೇಳಿ, ಕೊನೆಗೆ ಬೀಳ್ಕೊಟ್ಟರೆ ಪ್ರತಿ ಹಂತವೂ ಮೊದಲನೆಯದೇ ಆಗುವುದಲ್ಲವೇ? ಹಾಗಾಗಿ ಶ್ರೀಮತಿ ನಸ್ಸಾಲಿಯವರು ಪ್ರತಿ ಹಂತಕ್ಕೂ ಮೊಣಕಾಲೂರಿ, ಹಗಲು ಹೇಗಿತ್ತು, ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ತೋಟ ಹೇಗಿದೆ ಎಂದು ಪೂರ್ತಿ ವಿಚಾರಿಸಬೇಕೆಂದು ಸೂಚಿಸಲಾಯಿತು. ಕುಶಲ ಕೇಳಿದ ಮೇಲೆ ಉತ್ತರಿಸದಿರಲು ಕಿಬಾಂಜಾದವರು ಅನಾಗರಿಕರಲ್ಲ. ಎಂಬತ್ತಮೂರು ಪ್ರಯಾಣಿಕರೂ ಉತ್ತರಿಸಿದರು, ಮರುಪ್ರಶ್ನೆ ಕೇಳಿದರು, ಅದಕ್ಕೆ ಉತ್ತರ ಪಡೆದು ಹೂಂಗುಟ್ಟಿದರು. ಮೂರನೇ ಹಂತಕ್ಕೆ, ಅಂದರೆ ಆಕೆಯ ತಲೆ ಜಾಕೆಟ್ಟಿನೊಳಗೆ ಅರ್ಧ ತೂರಿದ್ದಾಗ, ಲಾಂಚ್ ದ್ವೀಪ ತಲುಪಿತು. ಇಳಿಯುವಾಗ ಜಜ್ಜಾ ತೆರೇಜಾ ಅವರು, "ಜಾಕೆಟ್ ಏನೂ ತಿಳೀಲಿಲ್ಲ ತಾಯಿ, ಆದ್ರೆ ನಿನ್ನ ತಂಗಿಗೆ ಹೆರಿಗೆ ಆದದ್ದು ಕೇಳಿ ಸಂತೋಷ ಆಯ್ತು," ಎಂದು ಹರಸಿದ್ದಾರೆ.

7. ಗುರುವಾರ ಒಬ್ಬೊಬ್ಬರು ಒಂದೊಂದೇ ಹಂತ ತೋರಿಸತಕ್ಕದ್ದೆಂದು ತೀರ್ಮಾನಿಸಿ, ಒಂಬತ್ತು ಜನರನ್ನು ಲಾಂಚ್‌ನ ಒಂಬತ್ತು ಮೂಲೆಗಳಲ್ಲಿ ನಿಲ್ಲಿಸಲಾಯಿತು. ಲಾಂಚ್‌ಗೆ ನಾಲ್ಕೇ ಮೂಲೆಗಳಿರುವುದು ಆಮೇಲೆ ಗಮನಕ್ಕೆ ಬಂದಿತು. ಇನ್ನೂ ಮುಖ್ಯವಾಗಿ, ಆರನೇ ಹಂತ ತೋರಿಸಲು ಶ್ರೀ ಲುಬೇಗಾ ಅವರನ್ನು ಇಂಜಿನ್ ಕೋಣೆಯಿಂದ ಮೇಲಕ್ಕೆ ಕರೆಸಲಾಗಿತ್ತು. ಅವರು ಪಟ್ಟಿ ಎಳೆದು ಬಿಗಿ ಮಾಡುತ್ತಿರುವಾಗ ಇಂಜಿನ್ ಕೆಮ್ಮಿ ನಿಂತುಹೋಯಿತು. ಗಾಳಿಯು ಲಾಂಚನ್ನು ಮೆಲ್ಲನೆ ತಳ್ಳಿಕೊಂಡು ಹೋಗಿ ಜೊಂಡಿನೊಳಗೆ ಸೇರಿಸಿತು. ಅಲ್ಲಿ ಎರಡೂಕಾಲು ಗಂಟೆ ಇದ್ದೆವು. ಇಂಜಿನ್ ಚಾಲಕರನ್ನು ಯಾವುದೇ ಹಂತವಾಗಿ ಬಳಸತಕ್ಕದ್ದಲ್ಲವೆಂದು ಈ ಮೂಲಕ ಸೂಚಿಸಲಾಗಿದೆ.

8. ಇದು ಹದಿನೈದು ಅಂಶಗಳ ಈ ಸುತ್ತೋಲೆಯ ನಟ್ಟನಡುವಿನ ಅಂಶ. ಓದಿದವರಿಗೆ ನಾಳೆ ಇದು ನೆನಪಿರುವುದಿಲ್ಲವೆಂಬ ಖಾತ್ರಿ ಇರುವುದರಿಂದ ಇಲಾಖೆಯು ಇಲ್ಲಿ ಕೆಲವನ್ನು ಒಪ್ಪಿಕೊಳ್ಳಲು ಬಯಸುತ್ತದೆ. ಮೇಲಿನ ನಾಲ್ಕೂ ಯೋಚನೆಗಳು ಮುಖ್ಯ ಅಧೀಕ್ಷಕರವೇ. ಅವರಿಗೆ ಸ್ವತಃ ಜಾಕೆಟ್ ತೊಡಲು ಬರುವುದಿಲ್ಲ. ಮಂಗಳವಾರ ಕೋಣೆಯ ಬಾಗಿಲು ಹಾಕಿಕೊಂಡು ಪ್ರಯತ್ನಿಸಿ, ಹೊರಬರಲಾರದೆ, ಶ್ರೀಮತಿ ನಸ್ಸಾಲಿಯವರನ್ನೇ ಕೂಗಿ ಕರೆದು ಬಿಡಿಸಿಕೊಂಡರು. ಆಕೆ ಅದನ್ನು ಯಾರಿಗೂ ಹೇಳಲಿಲ್ಲ. ಇದಕ್ಕೆ ಇಲಾಖೆಯು ಕೃತಜ್ಞವಾಗಿದೆ. ಮುಂದಿನ ಅಂಶಕ್ಕೆ ಹೋಗುವುದು.

9. ಜೊಂಡಿನಲ್ಲಿ ಸಿಕ್ಕಿಕೊಂಡ ಆ ಹೊತ್ತಿನಲ್ಲಿ ಶ್ರೀಮತಿ ನಸ್ಸಾಲಿಯವರು ಸೋಡಾ ಪೆಟ್ಟಿಗೆಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಮರುದಿನವೇ ಶುಕ್ರವಾರ. ಎದುರಿಗೆ ಜಜ್ಜಾ ತೆರೇಜಾ ಅವರು, ಸಂಜೆ ನಾದಿನಿಯ ಮನೆಗೆ ತಡವಾಯಿತೆಂದು ಲಾಂಚನ್ನೂ ಗಾಳಿಯನ್ನೂ ಇಲಾಖೆಯನ್ನೂ ಒಂದೇ ಉಸಿರಿಗೆ ಬೈಯುತ್ತ, ಎಲೆಯಲ್ಲಿ ಕಟ್ಟಿ ಆವಿಯಲ್ಲಿ ಬೇಯಿಸುವ ಮತೋಕೆಗೆಂದು ತಂದಿದ್ದ ಬಾಳೆಕಾಯಿ ಗೊನೆಯನ್ನು ಅಲ್ಲೇ ಸುಲಿಯತೊಡಗಿದ್ದರು. ಕಣ್ಣು ಪೂರ್ತಿ ಶ್ರೀ ಸೆಕಾಲೆಮ ಅವರ ಮೇಲೆ. ಏಕೆಂದರೆ ಬೈಗುಳವು ಈಗ ಅವರ ಪಾಲಿಗೆ ಬಂದಿತ್ತು. ಕೈ ಮಾತ್ರ ತನ್ನ ಪಾಡಿಗೆ ಎಲೆ ಎತ್ತಿ ಬೆಳಕಿಗೆ ಹಿಡಿಯಿತು, ಮಗುಚಿತು, ಕಾಯಿ ಇಟ್ಟಿತು, ಅಂಚನ್ನು ಹಿಂದಿನಿಂದ ಸುತ್ತಿ ತಂದಿತು, ಅಂಚಿಗೆ ಅಂಚು ಸೇರಿಸಿತು, ನಾರು ಎಳೆದು ಬಿಗಿಯಿತು, ಗಂಟು ಹಾಕಿತು, ಮೇಲೊಂದು ಎಲೆ ಹೊದಿಸಿತು. ಒಮ್ಮೆಯೂ ನೋಡಲಿಲ್ಲ. ಶ್ರೀಮತಿ ನಸ್ಸಾಲಿಯವರು ಬೆರಳು ಮಡಿಸುತ್ತ ಎಣಿಸಿದರು. ಎಂಟು.

"ಜಜ್ಜಾ, ಇದಾದ ಮೇಲೆ ಏನು?"

"ಏನೆಂದ್ರೆ? ಒಲೆ ಮೇಲಿಡೋದು. ಸುಯ್ ಅಂತ ಆವಿ ಊದುತ್ತೆ. ನಿಮ್ಮಮ್ಮ ಕಲ್ಸಿಲ್ವಾ?"

"ಮಧ್ಯದಲ್ಲಿ ಯಾವತ್ತಾದ್ರೂ ಮರ್ತಿದೀರಾ? ನಾರು ಬಿಗಿಯೋದು, ಅಂಚು ಸೇರ್ಸೋದು..."

"ಮರೆಯೋದಾ! ಬಿಗೀದಿದ್ರೆ ಆವಿ ಹೋಗುತ್ತೆ, ಆವಿ ಹೋದ್ರೆ ಕಾಯಿ ಬೇಯಲ್ಲ, ಬೇಯದಿದ್ರೆ ಅತ್ತೆ ಉಗೀತಾಳೆ. ಇದರಲ್ಲಿ ಮಧ್ಯ ಎಲ್ಲಿದೆ? ಒಂದರ ಬಾಲ ಹಿಡ್ಕೊಂಡು ಇನ್ನೊಂದು ಬರುತ್ತೆ."

ಶ್ರೀಮತಿ ನಸ್ಸಾಲಿಯವರು ಎದ್ದು ನಿಂತು ಕುಣಿದರೆಂದು ಸೆಕಾಲೆಮ ಅವರೂ, ಜೊಂಡಿನಿಂದ ಸೊಳ್ಳೆ ಬಂದಿದ್ದರಿಂದ ಕಾಲು ಎತ್ತಿಹಾಕಿದರಷ್ಟೆ ಎಂದು ಆಕೆಯೂ ಹೇಳಿಕೆ ನೀಡಿದ್ದಾರೆ. ಲಾಂಚ್ ಅಲುಗಾಡಿದ್ದಂತೂ ನಿಜ.

10. ಶುಕ್ರವಾರ ಪರಿವೀಕ್ಷಕರಾದ ಶ್ರೀ ಓಗ್ವಾಲ್ ಅವರು ಬೆಳಗಿನ ಎರಡನೇ ಲಾಂಚ್‌ಗೆ ಆಗಮಿಸಿದರು. ಜೊತೆಗೆ ಗೋಣಿತಾಟಿನಲ್ಲಿ ಸುತ್ತಿದ ಬೋರ್ಡೊಂದು ಸಿದ್ಧವಾಗಿ ಬಂದಿತ್ತು. ಅದು ಎಲ್ಲಿ ನಿಲ್ಲಬೇಕೆಂದು ಅಳೆಯಲು ಅವರು ಸೋಡಾ ಪೆಟ್ಟಿಗೆಯ ಕಡೆ ನೋಡಿದ್ದನ್ನು ಶ್ರೀಮತಿ ನಸ್ಸಾಲಿಯವರು ನೋಡಿದರು. ಪರಿವೀಕ್ಷಕರು ನಿಯಮಕ್ಕೆ ಮಾದರಿಯಾಗಲೆಂದು ತಾವೂ ಒಂದು ಜಾಕೆಟ್ ಕೇಳಿ ಪಡೆದು ಮುಂದಿನ ಬೆಂಚಿನಲ್ಲಿ ಕುಳಿತರು. ಆಗ ಪೆಟ್ಟಿಗೆಯ ಮೇಲಿಂದ ಕೇಳಿಬಂದದ್ದು:

"ಎಲ್ರೂ ಕೇಳ್ರಪ್ಪಾ! ಇವತ್ತು ಜಾಕೆಟ್ ಪಾಠ ಇಲ್ಲ. ಇವತ್ತು ಮತೋಕೆ ಕಟ್ಟೋದು. ಇದು ಎಲೆ. ನೀವೇ ಬಾಳೆಕಾಯಿ!"

"ಸಿಪ್ಪೆ ಸುಲೀತೀಯಾ ನ್ಯಾಬೊ?" ಎಂದು ಶ್ರೀ ಸೆಕಾಲೆಮ. (ನ್ಯಾಬೊ ಎಂದರೆ ಅಮ್ಮ. ಗಂಡಸರಿಗಾದರೆ ಸೆಬೊ.)

"ಪೀಪಿ ಊದದೆ ಹೋದ್ರೆ ಸುಲೀತೀನಿ, ಕೂತ್ಕೋ!"

ಎಲೆ ಎತ್ತಿ ಹರಿದಿದೆಯಾ ನೋಡುವುದು, ಮಗುಚುವುದು, ಕಾಯಿ ಒಳಗಿಡುವುದು, ಹಿಂದಿನಿಂದ ಸುತ್ತಿ ತರುವುದು, ಅಂಚಿಗೆ ಅಂಚು ಕೂಡಿಸುವುದು, ಆವಿ ಹೋಗದಂತೆ ನಾರು ಎಳೆಯುವುದು, ಗಂಟು, ಮೇಲ್ಹೊದಿಕೆ, ಕೊನೆಗೆ ಸುಯ್ ಎಂದು ಪೀಪಿ. ಎಂಬತ್ತು ಚಿಲ್ಲರೆ ಜನ, ಕೈ ಸುಮ್ಮನಿರದೆ, ಕೂತಲ್ಲೇ ಆಕೆಯ ಜೊತೆ ಜಾಕೆಟ್ ಕಟ್ಟಿದರು. ಗಂಡಸರೂ ಕಟ್ಟಿದರು. ತಮಗೆ ಅಡುಗೆ ಬರುವುದಿಲ್ಲವೆಂದು ಹೆಂಡತಿಯರ ಮುಂದೆ ವರ್ಷಾನುಗಟ್ಟಲೆ ಹೇಳಿಕೊಂಡು ಬಂದವರು ಅಂದು ಸಿಕ್ಕಿಬಿದ್ದರು. ಇದು ಕುಟುಂಬಗಳ ಒಳವಿಚಾರವಾಗಿದ್ದು ಇಲಾಖೆಯು ತಲೆಹಾಕುವುದಿಲ್ಲ.

11. ಪರೀಕ್ಷೆ. ಮೊದಲಿಗೆ ಜಜ್ಜಾ ತೆರೇಜಾ. ಒಂಬತ್ತಕ್ಕೆ ಒಂಬತ್ತು, ಸಾಲು ತಪ್ಪದೆ, ಪರಿವೀಕ್ಷಕರನ್ನೇ ದಿಟ್ಟಿಸಿ ನೋಡುತ್ತ. ಮುಗಿದ ಮೇಲೆ ಪಕ್ಕದಲ್ಲಿದ್ದ ಒಣಮೀನಿನ ಬುಟ್ಟಿಯನ್ನು ಎರಡೂ ಕೈಯಿಂದ ಅಮುಕಿದರು. ಬುಟ್ಟಿಯು ಪ್ರಯಾಣಿಕನಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಡನೆಯವರು ಮದುವೆಗೆ ಹೊರಟಿದ್ದ, ಅಗಲ ನಡುಕಟ್ಟಿನ ಗೊಮೆಸಿ ಉಟ್ಟ ಹೆಂಗಸು. ಒಂಬತ್ತಕ್ಕೆ ಒಂಬತ್ತು, ಪೀಪಿ ಊದಿದೊಡನೆ ಯಾರೋ ಅವರ ಮಗುವನ್ನು ಕೈಗೆ ಕೊಟ್ಟದ್ದರಿಂದ ಮುಂದೇನೂ ಮಾಡಲಿಲ್ಲ. ಶ್ರೀಮತಿ ನಸ್ಸಾಲಿಯವರು ಬೆನ್ನ ಹಿಂದೆ ಬೆರಳು ಮಡಿಸಿ ಹಿಡಿದಿದ್ದರು.

ಮೂರನೆಯವರು ಶ್ರೀ ಸೆಕಾಲೆಮ. ಎತ್ತಿದರು, ಮಗುಚಿದರು, ತೂರಿದರು, ಸುತ್ತಿದರು, ಬಕಲ್ ಕಟಕ್ಕೆಂದಿತು, ಎಳೆದರು, ಗಂಟು, ಕೈ, ಪೀಪಿ. ಒಂಬತ್ತು! ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬೆಂದ ಮತೋಕೆಯನ್ನು ಎಲೆಯ ಸಮೇತ ಅಮುಕಿ ಮೆತ್ತಗೆ ಮಾಡದೆ ಹಾಗೇ ಬಿಟ್ಟುಬರುವ ಮನುಷ್ಯ ಕಿಬಾಂಜಾ ದಡದಲ್ಲಿ ಹುಟ್ಟಿಲ್ಲ. ಶ್ರೀ ಸೆಕಾಲೆಮ ಅವರು ಪಕ್ಕಕ್ಕೆ ತಿರುಗಿ, ಅಲ್ಲಿ ಕುಳಿತಿದ್ದವರ ಎರಡೂ ಪಕ್ಕೆಗಳಿಗೆ ಅಂಗೈ ಕೊಟ್ಟು ಗಟ್ಟಿಯಾಗಿ ಅಮುಕಿದರು. ಅಲ್ಲಿ ಕುಳಿತಿದ್ದವರು ಪರಿವೀಕ್ಷಕರು.

ಪರಿವೀಕ್ಷಕರ ಜಾಕೆಟ್ ಸೊಂಟದಿಂದ ಎದ್ದು, ಕುತ್ತಿಗೆ ದಾಟಿ, ಕಿವಿಗಳ ಮೇಲೆ ಹೋಗಿ ಕೂತಿತು. ಕನ್ನಡಕ ಒಳಗೆ ಉಳಿಯಿತು.

"ಅಮುಕದೆ ಬಿಟ್ರೆ ಗಂಟು ಗಂಟಾಗಿರುತ್ತೆ ಸೆಬೊ," ಎಂದು ಶ್ರೀ ಸೆಕಾಲೆಮ ವಿನಯದಿಂದ ವಿವರಿಸಿದರು.

"ಇವ್ನನ್ನ ಕಟ್ಟಿದ್ದು ಯಾರು? ಆವಿಯೆಲ್ಲ ಹೊರಗೆ!" ಎಂದು ಜಜ್ಜಾ.

ಲಾಂಚ್‌ಗೆ ಲಾಂಚೇ ನಕ್ಕಿತು. ಇಂಜಿನ್ ಕೋಣೆಯಿಂದಲೂ ನಗು ಬಂದದ್ದನ್ನು ಅಂಶ 7ರ ಉಲ್ಲಂಘನೆಯೆಂದು ಪರಿಗಣಿಸಿಲ್ಲ. ನಗದೇ ಇದ್ದವರು ಶ್ರೀಮತಿ ನಸ್ಸಾಲಿ ಒಬ್ಬರೇ. ಆಕೆ ಹತ್ತನೆಯ ಬೆರಳು ಮಡಿಸಿದ್ದರು.

12. ಜಾಕೆಟ್ಟಿನೊಳಗಿಂದ ಪರಿವೀಕ್ಷಕರ ದನಿ ಬಂದಿತು: "ನಾನು ಯಾವುದನ್ನ ಬಿಟ್ಟೆ?"

"ಆರನೇದು ಸೆಬೊ. ಬಿಗಿ ಮಾಡೋದು. ನಿಮ್ಮ ಕಡೆ ಮತೋಕೆ ಕಟ್ಟಲ್ಲ ಅಲ್ವಾ, ಅದಕ್ಕೆ."

"ನಮ್ಮ ಕಡೆ ರಾಗಿ ಮುದ್ದೆ."

"ಬರೋ ವಾರ ರಾಗಿದೂ ಯೋಚ್ನೆ ಮಾಡ್ತೀನಿ ಸೆಬೊ." ಬರುವ ವಾರ ಎಂಬ ಮಾತು ಬಾಯಿಂದ ಬಂದ ಮೇಲೆ ಆಕೆ ತುಟಿ ಕಚ್ಚಿಕೊಂಡರು.

ಯಾರ ಜಾಕೆಟ್ ಸಡಿಲವಾಗಿದೆಯೆಂದು ಪಕ್ಕದವರು ಅಮುಕಿದಾಗ ಮಾತ್ರ ತಿಳಿಯುವುದೆಂದೂ, ಇಷ್ಟು ವರ್ಷ ಈ ಹಂತವೇ ಇರಲಿಲ್ಲವೆಂದೂ ಮನವರಿಕೆಯಾದ ಕಾರಣ, ಅಮುಕುವಿಕೆಯನ್ನು ಹತ್ತನೇ ಹಂತವಾಗಿ ಈ ಮೂಲಕ ಸೇರಿಸಲಾಗಿದ್ದು, ಅದರ ನಿಯಮಗಳು ಹೀಗಿವೆ:

(ಅ) ಅಮುಕುವ ಮುನ್ನ ಕುಶಲ ಕೇಳತಕ್ಕದ್ದು. ಒಮ್ಮೆ ಸಾಕು. ತೋಟದ ವಿಚಾರ ಬೇಡ.

(ಆ) ಎರಡೂ ಪಕ್ಕೆಗಳಲ್ಲಿ, ಮೂರು ಸಲ, ಮೆತ್ತಗಾಗುವ ಮುನ್ನ ನಿಲ್ಲಿಸತಕ್ಕದ್ದು.

(ಇ) ಅಳಿಯನು ಅತ್ತೆಯನ್ನು ಅಮುಕತಕ್ಕದ್ದಲ್ಲ. ಮುಟ್ಟುವುದಿರಲಿ, ಒಂದೇ ಬೆಂಚಿನಲ್ಲಿ ಕೂರುವುದೇ ನಮ್ಮಲ್ಲಿ ಇಲ್ಲದ್ದು. ಜಾಗವಿಲ್ಲದೆ ಕೂತಲ್ಲಿ ನಡುವೆ ಮೂರನೆಯವರೊಬ್ಬರು ಕೂತು, ಅಳಿಯನಿಂದ ಅಮುಕಿಸಿಕೊಂಡು, ಅದೇ ಒತ್ತಡವನ್ನು ಹೆಚ್ಚುಕಡಿಮೆಯಿಲ್ಲದೆ ಅತ್ತೆಗೆ ದಾಟಿಸತಕ್ಕದ್ದು. ಹೀಗೆ ನಡುವೆ ಕೂತವರನ್ನು ಯಾರೂ ಮರೆಯತಕ್ಕದ್ದಲ್ಲ.

(ಈ) ಮೇಕೆಗಳನ್ನು ಅಮುಕುವ ಅಗತ್ಯವಿಲ್ಲ. ಶನಿವಾರ ಬೆಳಿಗ್ಗೆ ಒಂದನ್ನು ಅಮುಕಲಾಗಿದೆ. ಅದು ಮತ್ತೆ ಲಾಂಚ್ ಹತ್ತಲು ಒಪ್ಪುತ್ತಿಲ್ಲ.

13. ಪ್ರಾತ್ಯಕ್ಷಿಕೆ ನಡೆಯುವಾಗ ಉಪ್ಪು ಎಷ್ಟು, ಸಾರಿಗೆ ಕಡಲೆಬೀಜ ಹಾಕುತ್ತೀರೋ ಮೀನು ಹಾಕುತ್ತೀರೋ ಮುಂತಾದ ಪ್ರಶ್ನೆಗಳನ್ನು ಕೇಳತಕ್ಕದ್ದಲ್ಲ. ಪ್ರಾತ್ಯಕ್ಷಿಕೆಯಿಂದ ಹಸಿವಾದಲ್ಲಿ ಇಲಾಖೆಯು ಹೊಣೆಯಲ್ಲ. ಅಧಿಕಾರಿಗಳನ್ನು 'ಬೇಯದ ಕಾಯಿ' ಎಂದು ಕರೆಯುವುದನ್ನು ಈ ಕ್ಷಣದಿಂದ ನಿಷೇಧಿಸಲಾಗಿದೆ. ಶ್ರೀ ಲುಬೇಗಾ ಗಮನಿಸುವುದು.

14. ಇನ್ನು ಉಲ್ಲೇಖ 2ರ ವಿಚಾರ. ಲಾಂಚ್ ಕಿಬಾಂಜಾಗೆ ಮರಳಿದ ಮೇಲೆ ಶ್ರೀ ಓಗ್ವಾಲ್ ಅವರು ಕಚೇರಿಯಲ್ಲಿ ಕುಳಿತು, ಕನ್ನಡಕ ಒರೆಸಿಕೊಂಡು, "ಒಂಬತ್ತಕ್ಕೆ ಹತ್ತು ಆಗಿದೆಯಲ್ಲ. ಇದಕ್ಕೆ ಆದೇಶದಲ್ಲಿ ಏನೋ ಹೇಳಿತ್ತು, ತೆಗೀರಿ," ಎಂದರು. ಕಡತ ತೆರೆಯಲಾಯಿತು. ಮೊದಲನೇ ಪತ್ರ ಇತ್ತು. ಮೂರನೇ ಪತ್ರ ಇತ್ತು. ನಡುವೆ ಗುಂಡುಸೂಜಿಯ ಎರಡು ತೂತುಗಳಿದ್ದವು.

ಆದೇಶದಲ್ಲಿ ಏನಿತ್ತೆಂದು ಮುಖ್ಯ ಅಧೀಕ್ಷಕರನ್ನು ಕೇಳಲಾಗಿ, ಚಹಾ ಸಮಯ ಹತ್ತೂಮುಕ್ಕಾಲು ಎಂಬುದು ಮಾತ್ರ ಖಚಿತವಾಗಿ ನೆನಪಿದೆಯೆಂದರು. ಆದೇಶಕ್ಕೆ ಸಹಿ ಹಾಕಿದವರು ಸ್ವತಃ ಶ್ರೀ ಓಗ್ವಾಲ್ ಅವರೇ ಆಗಿದ್ದರಿಂದ ಅವರನ್ನೇ ಕೇಳಲಾಯಿತು. ಅವರು ಸೂರು ನೋಡುತ್ತ, "ಮೊದಲನೇ ಸಾಲು 'ಮಾನ್ಯರೇ'. ಕೊನೇ ಸಾಲು 'ತಮ್ಮ ವಿಶ್ವಾಸಿ'. ಮಧ್ಯ..." ಎಂದು ನಿಲ್ಲಿಸಿದರು. ಅವರ ಕಿವಿಗಳ ಮೇಲೆ ಪಟ್ಟಿಯ ಗುರುತು ಇನ್ನೂ ಕೆಂಪಾಗಿತ್ತು. ಈ ನಡುವೆ ಗೋಣಿತಾಟು ಬಿಚ್ಚಿ ನೋಡಲಾದ ಬೋರ್ಡಿನಲ್ಲಿ, ಜಾಕೆಟ್ ಎತ್ತಿದ ಹೆಂಗಸು ಒಂದು ತುದಿಗೂ ಪೀಪಿ ಊದುವ ಹೆಂಗಸು ಇನ್ನೊಂದು ತುದಿಗೂ ಇದ್ದು, ನಡುವೆ ಉಳಿದ ಜಾಗದಲ್ಲಿ ದೊಡ್ಡದೊಂದು ಮೀನಿನ ಚಿತ್ರವಿರುವುದು ಕಂಡುಬಂದಿತು. ಬೋರ್ಡ್ ಬರೆದವರಿಗೆ ಹಂತಗಳನ್ನು ಒಂದೇ ಸಲ ಮಾಡಿ ತೋರಿಸಲಾಗಿತ್ತಂತೆ.

ಕೊನೆಗೆ, ಸೋಮವಾರ ಅದನ್ನು ಓದುವಾಗ ಅಲ್ಲೇ ನಿಂತಿದ್ದವರೆಂಬ ಕಾರಣಕ್ಕೆ ಶ್ರೀಮತಿ ನಸ್ಸಾಲಿಯವರನ್ನು ಕರೆಸಿ, ಎರಡನೆಯ ಪತ್ರದಲ್ಲಿ ಏನಿತ್ತು ನೆನಪಿದೆಯೇ ಎಂದು ವಿಚಾರಿಸಲಾಯಿತು.

ಆಕೆ ಎರಡೂ ಕೈಗಳನ್ನು ಎದೆಗೆ ಅಡ್ಡ ಕಟ್ಟಿ ನಿಂತರು. ಹನ್ನೊಂದು ವರ್ಷ ಒಂದು ಹಂತವನ್ನೂ ಮರೆಯದವರು.

"ಮೊದಲನೇದು ನೆನಪಿದೆ ಸೆಬೊ," ಎಂದರು. "ಮೂರನೇದು ಚಹಾದ್ದು, ಅದೂ ನೆನಪಿದೆ."

ಈ ಉತ್ತರವು ಅಂಶ 3ರಲ್ಲಿ ಇಲಾಖೆಯೇ ಕಂಡುಕೊಂಡ ತತ್ವಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವುದರಿಂದ ಅದನ್ನು ಪೂರ್ಣವಾಗಿ ಒಪ್ಪಲಾಗಿದೆ. ಯಾರಿಗೂ ನೆನಪಿಲ್ಲದ ಆದೇಶವನ್ನು ಜಾರಿ ಮಾಡಲು ನಿಯಮಗಳಲ್ಲಿ ಅವಕಾಶವಿಲ್ಲ. ಶ್ರೀ ಓಗ್ವಾಲ್ ಅವರು ಚಹಾ ಕುಡಿದು, ಒಂದು ಕಿತ್ತಳೆ ಜಾಕೆಟ್ಟನ್ನು ಅಭ್ಯಾಸಕ್ಕೆಂದು ಕಂಕುಳಲ್ಲಿಟ್ಟುಕೊಂಡು ತೆರಳಿದರು.

15. ಕೊನೆಯದನ್ನು ಎಲ್ಲರೂ ನೆನಪಿಟ್ಟುಕೊಳ್ಳುವುದರಿಂದ ಮುಖ್ಯವಾದದ್ದನ್ನು ಇಲ್ಲಿ ಇಡಲಾಗಿದೆ: ಶ್ರೀಮತಿ ಸ್ಕೋವಿಯಾ ನಸ್ಸಾಲಿಯವರು ಸೋಮವಾರ ಬೆಳಗಿನ ಮೊದಲ ಲಾಂಚ್‌ಗೆ ಎಂದಿನಂತೆ ಕೆಲಸಕ್ಕೆ ಬರತಕ್ಕದ್ದು.

(ಸಹಿ)
ಕಿಯಿಂಬ
ಮುಖ್ಯ ಅಧೀಕ್ಷಕರು
(ಜಾಕೆಟ್ ತೊಟ್ಟೇ ಸಹಿ ಮಾಡಲಾಗಿದೆ. ಬಿಡಿಸಲು ಶ್ರೀಮತಿ ನಸ್ಸಾಲಿಯವರಿಗೆ ಹೇಳಿಕಳಿಸಿದೆ.)

ಪ್ರತಿಗಳು:
1. ಶ್ರೀ ಓಗ್ವಾಲ್, ಪರಿವೀಕ್ಷಕರು, ಪ್ರಧಾನ ಕಚೇರಿ. ಆರನೇ ಹಂತದ ಅಭ್ಯಾಸದ ಪ್ರಗತಿ ತಿಳಿಸುವಂತೆ ಕೋರಿ.
2. ಶ್ರೀ ಲುಬೇಗಾ, ಇಂಜಿನ್ ಕೋಣೆ. ಮೇಲೆ ಬಾರದೆ, ಅಲ್ಲೇ ಓದಿಕೊಳ್ಳತಕ್ಕದ್ದು.
3. ಶ್ರೀ ಸೆಕಾಲೆಮ, ಮೋಟಾರ್ ಸೈಕಲ್ ನಿಲ್ದಾಣ. ಜಾಕೆಟ್ಟಿಗೆ ಕಾಲು ಹಾಕುವ ಕಿಂಡಿಗಳಿಲ್ಲವೆಂದು ಮತ್ತೊಮ್ಮೆ ತಿಳಿಸುತ್ತಾ.
4. ಮೀನು ತೂಗುವ ಕಟ್ಟೆಯವರು. ಸದರಿ ಬೋರ್ಡನ್ನು ತಮ್ಮ ಅಂಗಡಿಗೆ ಒಯ್ಯಲು. ನಡುವಿನ ಚಿತ್ರ ಚೆನ್ನಾಗಿದೆ.
5. ಸದರಿ ಮೇಕೆಯ ಮಾಲೀಕರು. ಕ್ಷಮೆಯೊಂದಿಗೆ.
6. ಜಜ್ಜಾ ತೆರೇಜಾ, ಒಣಮೀನು ವ್ಯಾಪಾರಿ. ಒಲೆ ಹೊತ್ತಿಸಲು ಬಳಸತಕ್ಕದ್ದಲ್ಲ. ಹಿಂದಿನ ಪತ್ರದ್ದು ಆದದ್ದಾಯಿತು.